ಹಳೇ ಡಬ್ಬಿಯಲ್ಲಿ ಸಿಕ್ಕ ಲಿಂಡ್ರೋಸ್ ಕಾರ್ಡ್: ಇಟ್ಟುಕೊಳ್ಳಲಾ, ಮಾರಲಾ?

ಪ್ರಶ್ನೆ: ನಾವು ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಮೂಲ ವಿರಾಜಪೇಟೆ ಕಡೆ. ಹಾಕಿ ಅಂದರೆ ನಮಗೆ ಗೊತ್ತಿದ್ದದ್ದು ಹುಲ್ಲಿನ ಮೇಲೆ ಆಡುವ ಆಟ. ಇಲ್ಲಿ ಹುಟ್ಟಿದ ಮಗನಿಗೆ ಐಸ್ ಹಾಕಿ ಹುಚ್ಚು. ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಆಟಗಾರರ ಚಿತ್ರವಿರುವ ಹಳೇ ಹಾಕಿ ಕಾರ್ಡುಗಳ ಡಬ್ಬಿಯೊಂದನ್ನು ಅವನಿಗೆ ಕೊಡಿಸಿದೆ. ಅದರಲ್ಲಿ ಎರಿಕ್ ಲಿಂಡ್ರೋಸ್ ಎಂಬ ಆಟಗಾರನ ಕಾರ್ಡ್ ನಾಲ್ಕು ಇವೆ. ನಾಲ್ಕೂ ಸ್ಕೋರ್ ಕಂಪನಿಯವು, 1990-91ರವು, ನಂಬರ್ 440. ಇಂಟರ್ನೆಟ್‌ನಲ್ಲಿ ಒಬ್ಬ ಇದಕ್ಕೆ ಸಾವಿರಾರು ಡಾಲರ್ ಹೇಳುತ್ತಾನೆ, ಇನ್ನೊಬ್ಬ ಒಂದು ಡಾಲರ್. ಗ್ರೇಡಿಂಗ್‌ಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವವರ ಹತ್ತಿರ, ಕಳಿಸಬೇಕಾ? ಇನ್ನೊಂದು ವಿಷಯ. ಆಫೀಸಿನಲ್ಲಿ ಕ್ವೆಬೆಕ್‌ನವರೊಬ್ಬರಿದ್ದಾರೆ. "ಅವನೊಬ್ಬ ಹಟಮಾರಿ, ಅಪ್ಪ ಅಮ್ಮನ ಮುದ್ದಿನ ಕೂಸು" ಅಂತ ಬೈದರು. ಮಗನ ಕೋಚ್ ಕೇಳಿದರೆ "ಅಂಥ ಆಟಗಾರ ಮತ್ತೆ ಬರಲಿಲ್ಲ" ಅಂತಾರೆ. ಯಾರ ಮಾತು ಸರಿ? ಕೊನೆಯದು: ಮಗ ಇನ್ನೂರು ಡಾಲರ್ ಕೂಡಿಟ್ಟಿದ್ದಾನೆ. ಅದರಲ್ಲಿ ಯಾವುದಾದರೂ ಒಳ್ಳೇ ರೂಕಿ ಕಾರ್ಡ್, ಅಂದರೆ ಆಟಗಾರನ ಮೊದಲ ಕಾರ್ಡ್, ಬರುತ್ತಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಒಂದು ಡಾಲರ್ ಅಂದವನೇ ಸತ್ಯಕ್ಕೆ ಹತ್ತಿರ ಇದ್ದಾನೆ. ಸಾವಿರಾರು ಹೇಳಿದವನು ಹೇಳಿದ್ದಾನೆ, ಅಷ್ಟೇ. ಮಾರಿಲ್ಲ. ಇಬೇಯಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಲೆ ಬರೆದು ಹಾಕಬಹುದು. ನೀವು ನೋಡಬೇಕಾದದ್ದು ಮಾರಾಟವಾಗಿ ಮುಗಿದವುಗಳ ಪಟ್ಟಿ. ಹುಡುಕುವಾಗ ಎಡಗಡೆಯ ಫಿಲ್ಟರ್‌ನಲ್ಲಿ ಅದನ್ನು ಆರಿಸಿಕೊಳ್ಳಿ. ಆಗ ಗಾಳಿ ಬೆಲೆ ಎಲ್ಲಾ ಹಾರಿಹೋಗಿ ನಿಜವಾದ ಬೆಲೆ ಉಳಿಯುತ್ತದೆ.

ಈ ಕಾರ್ಡ್ ಯಾಕೆ ಇಷ್ಟು ಅಗ್ಗ ಅಂತ ತಿಳಿದರೆ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಬಹಳ ವರ್ಷ ಹಾಕಿ ಕಾರ್ಡ್ ಅಂದರೆ ಎರಡೇ ಹೆಸರು. ಅಮೆರಿಕದಲ್ಲಿ ಟಾಪ್ಸ್, ಕೆನಡಾದಲ್ಲಿ ಓ-ಪೀ-ಚೀ. ಈ ಓ-ಪೀ-ಚೀ ಒಂಟಾರಿಯೋದ ಲಂಡನ್ ಊರಿನ ಕಂಪನಿ. ಲಿಂಡ್ರೋಸ್ ಹುಟ್ಟಿದ್ದೂ ಅದೇ ಊರಲ್ಲಿ, 1973ರಲ್ಲಿ. ಆಗ ಕಾರ್ಡ್ ಅನ್ನೋದು ಬಬಲ್ ಗಮ್ ಜತೆ ಬರುತ್ತಿದ್ದ ಮಕ್ಕಳ ಆಟದ ಸಾಮಾನು. ಹುಡುಗರು ಅದನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸುತ್ತಿದ್ದರು, ಗೋಡೆಗೆ ಎಸೆದು ಆಡುತ್ತಿದ್ದರು, ರಬ್ಬರ್ ಬ್ಯಾಂಡ್ ಹಾಕಿ ಜೇಬಿಗೆ ತುರುಕುತ್ತಿದ್ದರು. ಹಾಗಾಗಿ ಚೆನ್ನಾಗಿ ಉಳಿದದ್ದು ತೀರಾ ಕಡಿಮೆ. ಐಸ್ ಹಾಕಿಯ ಮಹಾ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ರೂಕಿ ಕಾರ್ಡ್ 1979-80ರ ಓ-ಪೀ-ಚೀ ಸೆಟ್ಟಿನದು, ನಂಬರ್ 18. ಅದರ ಸುತ್ತ ನೀಲಿ ಅಂಚು. ಸ್ವಲ್ಪ ತಾಗಿದರೂ ಬಣ್ಣ ಕಿತ್ತು ಕೆಳಗಿನ ಬಿಳಿ ಕಾಣುತ್ತದೆ. ಓ-ಪೀ-ಚೀಯವರು ಹಾಳೆಯನ್ನು ತಂತಿಯಿಂದ ಕತ್ತರಿಸುತ್ತಿದ್ದರು. ಅದಕ್ಕೇ ಅಂಗಡಿಯಿಂದ ಹೊಸದಾಗಿ ತಂದ ಕಾರ್ಡಿನ ಬದಿಯೂ ಜುಂಗುಜುಂಗಾಗಿರುತ್ತಿತ್ತು. ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿಯಿಂದ ಹತ್ತಕ್ಕೆ ಹತ್ತು ಪಡೆದ ಆ ಕಾರ್ಡೊಂದು 2021ರಲ್ಲಿ 37.5 ಲಕ್ಷ ಡಾಲರ್‌ಗೆ ಹೋಯಿತು.

ಇಂಥ ಕಾರ್ಡುಗಳ ಬೆಲೆ ಏರುತ್ತಾ ಹೋದದ್ದನ್ನು ಎಂಬತ್ತರ ದಶಕದ ಕೊನೆಗೆ ಎಲ್ಲರೂ ಗಮನಿಸಿದರು. ಕಂಪನಿಗಳೂ ಗಮನಿಸಿದವು. 1990-91ರಲ್ಲಿ ಸ್ಕೋರ್, ಪ್ರೋ ಸೆಟ್, ಅಪ್ಪರ್ ಡೆಕ್ ಎಲ್ಲಾ ಒಟ್ಟಿಗೆ ಹಾಕಿ ಕಾರ್ಡಿಗೆ ಇಳಿದವು. ಅಚ್ಚು ಹಾಕಿದ್ದೇ ಹಾಕಿದ್ದು. ಕೊಳ್ಳುವವರೂ ಬುದ್ಧಿವಂತರಾಗಿದ್ದರು. "ಮಗ ಕಾಲೇಜಿಗೆ ಹೋಗುವ ಹೊತ್ತಿಗೆ ಫೀಸಿಗೆ ಆಗುತ್ತೆ" ಅಂತ ಡಬ್ಬಿ ಡಬ್ಬಿ ತಂದು, ಒಡೆಯದೇ ನೆಲಮಾಳಿಗೆಯಲ್ಲಿ ಇಟ್ಟರು. ಯಾರೂ ಸೈಕಲ್ಲಿಗೆ ಸಿಕ್ಕಿಸಲಿಲ್ಲ, ಯಾರೂ ಎಸೆಯಲಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಮುಂದೆ ಬೆಲೆ ಬರುವುದಾದರೂ ಹೇಗೆ? ನಿಮ್ಮ ಡಬ್ಬಿಯೂ ಅಂಥದ್ದೇ ಒಂದು ಕಾಲೇಜು ಫೀಸು. ಕೊನೆಗೆ ಗರಾಜ್ ಸೇಲ್‌ಗೆ ಬಂದಿದೆ.

ಈ ಪ್ರವಾಹದ ನಡುವೆಯೂ ಲಿಂಡ್ರೋಸ್ ಕಾರ್ಡಿಗೆ ಒಂದು ವಿಶೇಷ ಇತ್ತು. ಆಗ ಅವನಿಗೆ ಹದಿನೇಳು. ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಯಾವ ತಂಡವೂ ಅವನನ್ನು ಇನ್ನೂ ಆರಿಸಿಕೊಂಡೇ ಇರಲಿಲ್ಲ. ಟೊರಾಂಟೋ ಪಕ್ಕದ ಆಶವಾ ಜನರಲ್ಸ್ ಎಂಬ ಜೂನಿಯರ್ ತಂಡದಲ್ಲಿ ಆಡುತ್ತಿದ್ದ. ಆದರೂ ಗ್ರೆಟ್ಸ್ಕಿ, ಮಾರಿಯೋ ಲೆಮ್ಯೂ ಆದಮೇಲೆ ಮುಂದಿನವನು ಇವನೇ ಅಂತ ದೇಶವೆಲ್ಲ ಮಾತಾಡುತ್ತಿತ್ತು. ಸ್ಕೋರ್ ಕಂಪನಿ ಅವನ ಜತೆ ಒಪ್ಪಂದ ಮಾಡಿಕೊಂಡು, ತನ್ನ 440 ಕಾರ್ಡುಗಳ ಸೆಟ್ಟಿನ ಕೊನೆಯ ಕಾರ್ಡನ್ನು ಅವನಿಗೆ ಕೊಟ್ಟಿತು. ಅಮೆರಿಕದ ಸೆಟ್ಟಿನಲ್ಲೂ ಕೆನಡಾದ ಸೆಟ್ಟಿನಲ್ಲೂ ಅದೇ ನಂಬರ್. ಅಷ್ಟಕ್ಕೇ ಬಿಡಲಿಲ್ಲ. ಅವನು ಟೊರಾಂಟೋ ಬ್ಲೂ ಜೇಸ್ ಬೇಸ್‌ಬಾಲ್ ತಂಡದ ಜತೆ ಸುಮ್ನೆ ಬ್ಯಾಟಿಂಗ್ ಅಭ್ಯಾಸ ಮಾಡಿದ್ದನ್ನೇ ನೆಪ ಮಾಡಿಕೊಂಡು 1990ರ ಬೇಸ್‌ಬಾಲ್ ಸೆಟ್ಟಿನಲ್ಲೂ ಅವನಿಗೆ ಒಂದು ಕಾರ್ಡ್ ಮಾಡಿತು. ನಂಬರ್ 100ಟಿ. ವೃತ್ತಿಪರ ಬೇಸ್‌ಬಾಲ್ ಒಂದು ದಿನವೂ ಆಡದ ಹುಡುಗನಿಗೆ ಬೇಸ್‌ಬಾಲ್ ಕಾರ್ಡ್! ಆ ಕಾಲದ ಹುಚ್ಚು ಎಂಥದ್ದು ಅಂತ ಯಾರಾದರೂ ಕೇಳಿದರೆ ನಾನು ಈ ಕಾರ್ಡ್ ತೋರಿಸುತ್ತೇನೆ. ನಿಮ್ಮ ಡಬ್ಬಿಯಲ್ಲಿ ಅದೂ ಇದೆಯಾ ನೋಡಿ. ಅದಕ್ಕೂ ಬೆಲೆ ಇಲ್ಲ, ಆದರೆ ನೋಡೋಕೆ ಮಜಾ.

ಆಡದವನ ಕಾರ್ಡನ್ನು ರೂಕಿ ಕಾರ್ಡ್ ಅನ್ನಬಹುದಾ ಅಂತ ಕೆಲವರು ಕೇಳುತ್ತಾರೆ. ಅವನು ಎನ್‌ಎಚ್‌ಎಲ್‌ಗೆ ಕಾಲಿಟ್ಟದ್ದು 1992-93ರಲ್ಲಿ, ಫಿಲಡೆಲ್ಫಿಯಾ ಫ್ಲೈಯರ್ಸ್ ಅಂಗಿ ತೊಟ್ಟು. ಇವತ್ತಿನ ಲೆಕ್ಕದಲ್ಲಿ ಆ ವರ್ಷದವೇ ರೂಕಿ ಕಾರ್ಡ್ ಆಗಬೇಕಿತ್ತು. ಆದರೆ ಕ್ಯಾಟಲಾಗುಗಳೂ ಸಂಗ್ರಾಹಕರೂ ಮೊದಲಿನಿಂದ 440ನ್ನೇ ರೂಕಿ ಅಂತ ಒಪ್ಪಿಕೊಂಡಿದ್ದಾರೆ. ಈ ವಾದದಿಂದ ಯಾರ ಕಾರ್ಡಿನ ಬೆಲೆಯೂ ಹತ್ತು ಪೈಸೆ ಹೆಚ್ಚಾಗಿಲ್ಲ, ಬಿಡಿ.

ಇನ್ನು ಗ್ರೇಡಿಂಗ್. ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಇದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಪಿಎಸ್‌ಎ, ಬೆಕೆಟ್, ಎಸ್‌ಜಿಸಿ ಇವು ಹೆಸರು ಮಾಡಿದ ಕಂಪನಿಗಳು. ಮೂರೂ ಅಮೆರಿಕದವು. ಒಂದು ಕಾರ್ಡಿನ ಶುಲ್ಕ, ಹೋಗಿ ಬರುವ ಅಂಚೆ, ಇನ್ಶೂರೆನ್ಸ್ ಎಲ್ಲ ಸೇರಿದರೆ ನಿಮ್ಮ ನಾಲ್ಕೂ ಕಾರ್ಡಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಹತ್ತಕ್ಕೆ ಹತ್ತು ಬಂದರೆ ಮಾತ್ರ ಅಸಲು ಹುಟ್ಟಬಹುದು. ಒಂಬತ್ತು ಬಂದರೆ ನಷ್ಟ. ಒಂದು ಪಾಯಿಂಟಿಗೆ ಅಷ್ಟು ವ್ಯತ್ಯಾಸ ಯಾಕೆ ಅಂದರೆ ಈ ಕಾಲದ ಕಾರ್ಡುಗಳಲ್ಲಿ ಒಂಬತ್ತು ಬರುವಂಥವು ರಾಶಿ ಇವೆ.

ಆದರೂ ನಾಲ್ಕಿವೆ ಅಂದಿರಿ. ಅದರಲ್ಲಿ ಯಾವುದು ಚೆನ್ನಾಗಿದೆ ಅಂತ ಮಗನ ಹತ್ತಿರ ನೋಡಿಸಿ. ಅವನಿಗೆ ಕಣ್ಣು ಪಳಗುತ್ತದೆ. ಮೇಜಿನ ದೀಪದ ಕೆಳಗೆ ಕಾರ್ಡನ್ನು ಬದಿಯಿಂದ ಹಿಡಿದು, ಸ್ವಲ್ಪ ಓರೆ ಮಾಡಿ, ಬೆಳಕು ಮುಖದ ಮೇಲೆ ಜಾರುವ ಹಾಗೆ ತಿರುಗಿಸಲಿ. ನೇರ ನೋಡಿದರೆ ಕಾಣದ ಗೀರು, ಅಚ್ಚಿನ ಗೆರೆ, ಬೆರಳಚ್ಚು ಎಲ್ಲಾ ಆಗ ಎದ್ದು ಬರುತ್ತವೆ. ಆಮೇಲೆ ಭೂತಗನ್ನಡಿ ಹಿಡಿದು ನಾಲ್ಕು ಮೂಲೆ. ಚೂಪಾಗಿರಬೇಕು. ತುದಿಯಲ್ಲಿ ಹತ್ತಿಯ ಎಳೆಯಂಥ ಬಿಳಿ ಕಂಡರೆ ಅದು ಸವೆದಿದೆ ಅಂತ. ನಂತರ ಚಿತ್ರ ನಟ್ಟ ನಡುವೆ ಕೂತಿದೆಯಾ ನೋಡಲಿ. ಎಡ ಬಲದ ಅಂಚು, ಮೇಲೆ ಕೆಳಗಿನ ಅಂಚು ಹೆಚ್ಚು ಕಡಿಮೆ ಸಮ ಇರಬೇಕು. ಕಾರ್ಡಿನ ಬೆನ್ನನ್ನು ಮರೆಯುವವರೇ ಜಾಸ್ತಿ. ಗ್ರೇಡ್ ಮಾಡುವವರು ಮರೆಯುವುದಿಲ್ಲ. ಚೆನ್ನಾಗಿರುವುದನ್ನು ಮೊದಲು ತೆಳು ಪ್ಲಾಸ್ಟಿಕ್ ಕವರಿಗೆ, ಆಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಕವರಿಗೆ ಹಾಕಿ. ಬೇಸ್‌ಮೆಂಟಿನ ತೇವದಲ್ಲಿ ಇಡಬೇಡಿ. ಕಾರ್ಡ್ ಬಾಗುತ್ತದೆ. ಉಳಿದ ಮೂರನ್ನು ಮಗ ಗೆಳೆಯರ ಜತೆ ಬದಲಾಯಿಸಿಕೊಳ್ಳಲಿ.

ಗ್ರೇಡಿಂಗ್‌ಗೆ ಕಳಿಸಬೇಡಿ. ಮಾರಲೂ ಬೇಡಿ. ಮಾರಿದರೆ ಒಂದು ಕಾಫಿ ದುಡ್ಡು ಬರುತ್ತದೆ.

ಈಗ ನಿಮ್ಮ ಆಫೀಸಿನ ಜಗಳಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು.

ನಿಮ್ಮ ಸಹೋದ್ಯೋಗಿಯ ಸಿಟ್ಟಿಗೆ ಕಾರಣ ಇದೆ. 1991ರ ಜೂನ್‌ನಲ್ಲಿ, ಬಫಲೋದಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಕ್ವೆಬೆಕ್ ನಾರ್ಡೀಕ್ಸ್ ತಂಡ ಎಲ್ಲರಿಗಿಂತ ಮೊದಲು ಲಿಂಡ್ರೋಸ್‌ನನ್ನು ಆರಿಸಿತು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಆಗೆಲ್ಲ ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತಿತ್ತು. ನಾರ್ಡೀಕ್ಸ್ ಸತತ ಮೂರು ವರ್ಷ ಕೊನೆಗೆ ಬಿದ್ದಿತ್ತು. ಅದರ ಅಭಿಮಾನಿಗಳಿಗೆ ಈ ಹುಡುಗನೇ ದೇವರು ಕೊಟ್ಟ ವರ. ಹುಡುಗ ವೇದಿಕೆಗೆ ಬಂದ. ಅಂಗಿ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡ. ಹಾಕಿಕೊಳ್ಳಲಿಲ್ಲ. ನಿಮ್ಮ ತಂಡಕ್ಕೆ ಆಡುವುದಿಲ್ಲ ಅಂತ ಅವರ ಮನೆಯವರು ಮೊದಲೇ ಹೇಳಿದ್ದರು. ಹೇಳಿದ ಹಾಗೇ ನಡೆದುಕೊಂಡ. ಒಂದು ವರ್ಷ ಪೂರ್ತಿ ಎನ್‌ಎಚ್‌ಎಲ್‌ನಿಂದ ಹೊರಗಿದ್ದು ಜೂನಿಯರ್ ತಂಡಕ್ಕೆ ಆಡಿದ, ಕೆನಡಾ ಪರವಾಗಿ 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ. ಕ್ವೆಬೆಕ್ ಕಡೆ ತಲೆ ಹಾಕಲಿಲ್ಲ.

ಆ ಹೊತ್ತಿನ ರಾಜಕೀಯವನ್ನೂ ಸೇರಿಸಿಕೊಂಡು ನೋಡಬೇಕು. ಕ್ವೆಬೆಕ್‌ಗೆ ವಿಶೇಷ ಸ್ಥಾನ ಕೊಡಬೇಕಿದ್ದ ಮೀಚ್ ಲೇಕ್ ಒಪ್ಪಂದ 1990ರಲ್ಲಿ ಮುರಿದುಬಿದ್ದಿತ್ತು. ಇಂಗ್ಲಿಷ್ ಕೆನಡಾಗೆ ನಾವು ಬೇಡವಾದೆವು ಅಂತ ಫ್ರೆಂಚ್ ಮಾತಾಡುವ ಜನ ನೊಂದಿದ್ದರು. 1995ರಲ್ಲಿ ಬೇರೆ ದೇಶವಾಗೋಣವೇ ಅಂತ ಮತ ಹಾಕುವವರೆಗೆ ಹೋಯಿತು ಅದು. ಅಂಥಾ ಹೊತ್ತಿನಲ್ಲಿ ಒಂಟಾರಿಯೋದ ಇಂಗ್ಲಿಷ್ ಹುಡುಗನೊಬ್ಬ ಬಂದು ನಿಮ್ಮ ಊರು ಬೇಡ ಅಂದರೆ? ಭಾಷೆಯ ನೋವು ಹೇಗಿರುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಫ್ಲೈಯರ್ಸ್ ಪರ ಅವನು ಮೊದಲ ಸಲ ಕ್ವೆಬೆಕ್ ಸಿಟಿಗೆ ಆಡಲು ಹೋದಾಗ ಜನ ಮಗುವಿನ ಬಾಯಿಗಿಡುವ ನಿಪ್ಪಲ್‌ಗಳನ್ನು ಐಸ್ ಮೇಲೆ ಎಸೆದರು. "ಮುದ್ದಿನ ಕೂಸು" ಅನ್ನೋ ಬೈಗುಳ ಅಲ್ಲಿಂದಲೇ ನಿಮ್ಮ ಆಫೀಸಿನವರೆಗೆ ಬಂದಿದೆ.

ಅದು ಮೊದಲ ಸಲವೂ ಆಗಿರಲಿಲ್ಲ. 1989ರಲ್ಲಿ ಜೂನಿಯರ್ ಲೀಗಿನ ಡ್ರಾಫ್ಟ್‌ನಲ್ಲಿ ಸೂ ಸೇಂಟ್ ಮರೀ ಊರಿನ ಗ್ರೇಹೌಂಡ್ಸ್ ತಂಡ ಆರಿಸಿದಾಗಲೂ ಹೋಗಲ್ಲ ಅಂದಿದ್ದ. ಟೊರಾಂಟೋದಿಂದ ಅದು 700 ಕಿಲೋಮೀಟರ್. ಹದಿನಾರರ ಹುಡುಗನ ಓದು ಏನಾಗಬೇಕು ಅನ್ನೋದು ಮನೆಯವರ ವಾದ. ಗ್ರೆಟ್ಸ್ಕಿಯಂಥ ಗ್ರೆಟ್ಸ್ಕಿಯೇ ಆ ಊರಿಗೆ ಹೋಗಿ ಆಡಿದ್ದ, 99ನೇ ನಂಬರಿನ ಅಂಗಿ ಅವನು ಮೊದಲು ತೊಟ್ಟದ್ದೂ ಅಲ್ಲೇ. ಹಾಗಾಗಿ ಇವನಿಗೇನು ಕೊಂಬಾ ಅಂತ ಜನ ಕೇಳಿದ್ದರಲ್ಲಿ ತಪ್ಪಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಸಲ ಹುಡುಗ ಮಾಡಿದ್ದು ಸರಿ. ಡ್ರಾಫ್ಟ್ ಅನ್ನೋದು ಸ್ವಲ್ಪ ವಿಚಿತ್ರ ವ್ಯವಸ್ಥೆ. ಹದಿನೆಂಟರ ಹುಡುಗನಿಗೆ ನೀನು ಎಲ್ಲಿ ಬದುಕಬೇಕು, ಯಾರ ಕೈಕೆಳಗೆ ದುಡಿಯಬೇಕು ಅಂತ ಯಾರೋ ಕೂತು ತೀರ್ಮಾನ ಮಾಡುತ್ತಾರೆ. ಬೇಡ ಅನ್ನೋಕೆ ಅವನಿಗಿದ್ದ ದಾರಿ ಒಂದೇ, ಆಡದೇ ಕೂರುವುದು. ಅದರಿಂದ ಅವನಿಗೇ ಒಂದು ವರ್ಷದ ಸಂಬಳ ನಷ್ಟ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜಾನ್ ಎಲ್ವೇ 1983ರಲ್ಲಿ ಬಾಲ್ಟಿಮೋರ್‌ಗೆ ಹೋಗಲ್ಲ ಅಂದ, ಈಲೈ ಮ್ಯಾನಿಂಗ್ 2004ರಲ್ಲಿ ಸ್ಯಾನ್ ಡಿಯಾಗೋಗೆ ಹೋಗಲ್ಲ ಅಂದ. ಇಬ್ಬರೂ ಚಾಂಪಿಯನ್ ಆದರು, ಜನ ಮರೆತರು. ಲಿಂಡ್ರೋಸ್ ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಗೆಲ್ಲಲಿಲ್ಲ, ಅದಕ್ಕೇ ಯಾರೂ ಮರೆಯಲಿಲ್ಲ. ತನ್ನ ತಕರಾರು ತಂಡದ ಮಾಲೀಕರ ಜತೆ ಇತ್ತು, ಊರಿನ ಜತೆ ಅಲ್ಲ, ಭಾಷೆಯ ಜತೆ ಅಲ್ಲ ಅಂತ ಅವನು ಎಷ್ಟೋ ವರ್ಷದ ಮೇಲೆ ಹೇಳಿದ. ಮದುವೆಯಾದದ್ದೂ ಕ್ವೆಬೆಕ್‌ನವರನ್ನೇ. ಇದನ್ನು ನಿಮ್ಮ ಸಹೋದ್ಯೋಗಿಗೆ ಹೇಳಿ ನೋಡಿ. ಒಪ್ಪುತ್ತಾರೆ ಅಂತ ಭರವಸೆ ಕೊಡಲಾರೆ.

ಅವರಿಗೆ ಇನ್ನೊಂದು ಮಾತೂ ಹೇಳಬಹುದು. ಅವನು ಬರದೇ ಇದ್ದದ್ದರಿಂದ ನಾರ್ಡೀಕ್ಸ್‌ಗೆ ಆದಷ್ಟು ಲಾಭ ಬಹುಶಃ ಅವನು ಬಂದಿದ್ದರೂ ಆಗುತ್ತಿರಲಿಲ್ಲ. 1992ರ ಜೂನ್‌ನಲ್ಲಿ ನಾರ್ಡೀಕ್ಸ್‌ನವರು ಅವನನ್ನು ಎರಡು ತಂಡಗಳಿಗೆ ಮಾರಿದರು! ಫಿಲಡೆಲ್ಫಿಯಾದವರು ತಮ್ಮ ಜತೆ ಮಾತಾಯಿತು ಅಂದರು, ನ್ಯೂಯಾರ್ಕ್ ರೇಂಜರ್ಸ್ ತಮ್ಮ ಜತೆ ಅಂದರು. ಲ್ಯಾರಿ ಬರ್ಟೂಝಿ ಎಂಬ ಮಧ್ಯಸ್ಥಗಾರರು ಕೂತು ವಿಚಾರಣೆ ಮಾಡಿ ಫಿಲಡೆಲ್ಫಿಯಾ ಪರ ತೀರ್ಪು ಕೊಟ್ಟರು. ಅದಕ್ಕೆ ಪ್ರತಿಯಾಗಿ ಕ್ವೆಬೆಕ್‌ಗೆ ಬಂದದ್ದು ಪೀಟರ್ ಫೋರ್ಸ್‌ಬರ್ಗ್, ಮೈಕ್ ರಿಚ್ಚಿ, ಸ್ಟೀವ್ ಡುಶೇನ್, ಕೆರಿ ಹಫ್‌ಮನ್, ಗೋಲ್‌ಕೀಪರ್ ರಾನ್ ಹೆಕ್ಸ್‌ಟಾಲ್, ಕ್ರಿಸ್ ಸೈಮನ್, ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಆಯ್ಕೆಗಳು, ಮೇಲೆ 1.5 ಕೋಟಿ ಡಾಲರ್ ನಗದು. ಆ ಆಯ್ಕೆಗಳಲ್ಲಿ ಒಂದರಿಂದ ಬಂದವನು ಜೋಸ್ಲಾಂ ಟಿಬೋ ಎಂಬ ಗೋಲ್‌ಕೀಪರ್. 1995ರ ಡಿಸೆಂಬರ್‌ನಲ್ಲಿ ಅವನನ್ನೂ ಇನ್ನಿಬ್ಬರನ್ನೂ ಮಾಂಟ್ರಿಯಲ್‌ಗೆ ಕೊಟ್ಟು ಗೋಲ್‌ಕೀಪರ್ ಪ್ಯಾಟ್ರಿಕ್ ರುವಾನನ್ನು ತಂದರು. 1996ರಲ್ಲಿ ಸ್ಟ್ಯಾನ್ಲಿ ಕಪ್ ಕೈಗೆ ಬಂತು. ಕರುಳು ಹಿಂಡುವ ವಿಷಯ ಅಂದರೆ, ಅಷ್ಟರಲ್ಲಿ ತಂಡ ಕ್ವೆಬೆಕ್‌ನಲ್ಲಿ ಇರಲಿಲ್ಲ. 1995ರಲ್ಲೇ ಅದನ್ನು ಮಾರಿ, ಡೆನ್ವರ್‌ಗೆ ಒಯ್ದು, ಕೊಲರಾಡೋ ಆವಲಾಂಚ್ ಅಂತ ಹೆಸರಿಟ್ಟಿದ್ದರು. ಮೂರು ವರ್ಷ ಕೊನೆಯ ಸ್ಥಾನ ಸಹಿಸಿಕೊಂಡು ಕೂತಿದ್ದ ಊರು, ತಾನು ಬೆಳೆಸಿದ ತಂಡ ಬೇರೆ ಊರಿಗೆ ಕಪ್ ತಂದುಕೊಟ್ಟದ್ದನ್ನು ಟಿವಿಯಲ್ಲಿ ನೋಡಿತು. ನಿಮ್ಮ ಸಹೋದ್ಯೋಗಿಯ ಸಿಟ್ಟಿನಲ್ಲಿ ಇದೂ ಸೇರಿಕೊಂಡಿದೆ ಅಂತ ನನಗೆ ಅನುಮಾನ.

ಇನ್ನು ಕೋಚ್ ಹೇಳುವ ಲಿಂಡ್ರೋಸ್. ಆರಡಿ ನಾಲ್ಕಿಂಚು ಎತ್ತರ, ನೂರು ಕಿಲೋಗಿಂತ ಜಾಸ್ತಿ ತೂಕ. ಅಂಥ ಮೈಯವರು ಆಗೆಲ್ಲ ತಂಡದಲ್ಲಿ ಹೊಡೆದಾಟಕ್ಕೆ ಇರುತ್ತಿದ್ದರು. ಇವನು ಚಿಕ್ಕ ಆಟಗಾರರ ಹಾಗೆ ಸ್ಕೇಟ್ ಮಾಡುತ್ತಿದ್ದ, ಪಾಸ್ ಕೊಡುತ್ತಿದ್ದ, ಅಡ್ಡ ಬಂದವರನ್ನು ಬೀಳಿಸಿಕೊಂಡು ಹೋಗುತ್ತಿದ್ದ. ಮೊದಲ ವರ್ಷವೇ 61 ಪಂದ್ಯಕ್ಕೆ 41 ಗೋಲು. ಜಾನ್ ಲಕ್ಲೇರ್, ಮೈಕಲ್ ರೆನ್‌ಬರ್ಗ್ ಜತೆ ಸೇರಿದ ಮೇಲೆ ಆ ಮೂವರ ಸಾಲಿಗೆ ಲೀಜನ್ ಆಫ್ ಡೂಮ್ ಅಂತ ಹೆಸರು ಬಿತ್ತು. ಎದುರಾಳಿಗಳಿಗೆ ಯಮದೂತರ ಪಡೆಯೇ ಅದು. 1995ರಲ್ಲಿ 46 ಪಂದ್ಯದಲ್ಲಿ 70 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ನೆರವಾದ ಪಾಸ್ ಎರಡೂ ಸೇರಿ) ಮಾಡಿ, ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದ. ಆಗ ಅವನಿಗೆ ಇಪ್ಪತ್ತೆರಡು. ಮುಂದಿನ ವರ್ಷ 73 ಪಂದ್ಯಕ್ಕೆ 115 ಪಾಯಿಂಟ್. 1997ರಲ್ಲಿ ತಂಡವನ್ನು ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಕರೆದುಕೊಂಡು ಹೋದ. ಅಲ್ಲಿ ಡೆಟ್ರಾಯ್ಟ್ ಎದುರು ನಾಲ್ಕಕ್ಕೆ ನಾಲ್ಕೂ ಸೋಲು. ಅದೇ ಅವನ ಏಕೈಕ ಫೈನಲ್.

ಆಮೇಲೆ ತಲೆಗೆ ಪೆಟ್ಟು. ಒಂದಲ್ಲ, ಮೇಲಿಂದ ಮೇಲೆ. ಕನ್ಕಷನ್ ಅನ್ನುವ ಇದು ಹೊರಗೆ ಗಾಯ ಕಾಣದ ಪೆಟ್ಟು. ಅವನ ತಮ್ಮ ಬ್ರೆಟ್ ಲಿಂಡ್ರೋಸ್ ಕೂಡ ಎನ್‌ಎಚ್‌ಎಲ್ ಆಟಗಾರ. 51 ಪಂದ್ಯ ಆಡಿ, ಇದೇ ಕಾರಣಕ್ಕೆ 1996ರಲ್ಲಿ ಇಪ್ಪತ್ತನೇ ವಯಸ್ಸಿಗೇ ಆಟ ಬಿಟ್ಟ. ಮನೆಯಲ್ಲಿ ಹಾಗೊಂದು ಆಗಿದ್ದಾಗ ಅಪ್ಪ ಅಮ್ಮ ಹೆದರದೇ ಇರುತ್ತಾರಾ? ಎರಿಕ್‌ಗೆ ಪೆಟ್ಟು ಬಿದ್ದಾಗ ಅವರು ತಂಡದವರನ್ನು ಪ್ರಶ್ನೆ ಮಾಡುತ್ತಿದ್ದರು. ಜನರಲ್ ಮ್ಯಾನೇಜರ್ ಬಾಬಿ ಕ್ಲಾರ್ಕ್‌ಗೆ ಅದು ಸರಿಬರಲಿಲ್ಲ. ಕ್ಲಾರ್ಕ್ ಎಪ್ಪತ್ತರ ದಶಕದಲ್ಲಿ ಫ್ಲೈಯರ್ಸ್‌ಗೆ ಎರಡು ಕಪ್ ಗೆದ್ದುಕೊಟ್ಟ ನಾಯಕ, ಹಳೇ ಕಾಲದ ಮನುಷ್ಯ. ಜಗಳ ಪತ್ರಿಕೆಗಳಿಗೆ ಬಂತು. 2000ದ ಮಾರ್ಚ್‌ನಲ್ಲಿ, ತನ್ನ ಕನ್ಕಷನ್ನನ್ನು ತಂಡದ ಟ್ರೇನರ್‌ಗಳು ಗುರುತಿಸಲಿಲ್ಲ ಅಂತ ಲಿಂಡ್ರೋಸ್ ಬಹಿರಂಗವಾಗಿ ಹೇಳಿದ. ನಾಯಕನ ಪಟ್ಟ ಕಿತ್ತುಕೊಂಡರು. ಎರಡು ತಿಂಗಳಾದ ಮೇಲೆ, ಮೇ 26ರಂದು, ನ್ಯೂಜೆರ್ಸಿ ಎದುರು ಸರಣಿಯ ಕೊನೆಯ, ಏಳನೇ ಪಂದ್ಯ. ತಲೆ ತಗ್ಗಿಸಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಜತೆ ಒಳಗೆ ನುಗ್ಗುತ್ತಿದ್ದ ಅವನ ತಲೆಗೆ ಎದುರಾಳಿ ಸ್ಕಾಟ್ ಸ್ಟೀವನ್ಸ್ ಭುಜದಿಂದ ಗುದ್ದಿದ. ಬಿದ್ದವನನ್ನು ಹಿಡಿದುಕೊಂಡು ಹೊರಗೆ ಕರೆದೊಯ್ದರು. ಆಗಿನ ನಿಯಮದಲ್ಲಿ ಅದು ತಪ್ಪೇ ಅಲ್ಲ, ಶಿಕ್ಷೆಯೂ ಇಲ್ಲ. ತಲೆಗೆ ಗುರಿ ಇಟ್ಟು ಹೊಡೆಯಬಾರದು ಅನ್ನುವ ನಿಯಮವನ್ನು ಎನ್‌ಎಚ್‌ಎಲ್ ತಂದದ್ದು 2010ರಲ್ಲಿ.

ಆಗ ಬಹಳ ಜನ ಬರೆದದ್ದೇನು ಗೊತ್ತಾ? ತಲೆ ಎತ್ತಿ ಆಡೋಕೆ ಕಲಿಯಲಿಲ್ಲ, ಮೆತ್ತಗಿನ ಹುಡುಗ, ಸಣ್ಣದಕ್ಕೂ ದೂರು. ಅದೇ ಪ್ರಸಂಗವನ್ನು ಇವತ್ತು ಓದಿದರೆ ತಂಡದವರ ಮೇಲೆ ಸಿಟ್ಟು ಬರುತ್ತದೆ, ಅಲ್ವಾ? ಅವನ ಹೆಸರಿನ ಬಗ್ಗೆ ವಾದ ಮಾಡುವವರು ಇದನ್ನು ಮರೆಯುತ್ತಾರೆ. ಲಿಂಡ್ರೋಸ್ ಹತ್ತು ವರ್ಷ ಮುಂಚೆ ಹೇಳಿದ್ದನ್ನು ಆಮೇಲೆ ಎಲ್ಲರೂ ಹೇಳತೊಡಗಿದರು. ಆಟ ಬಿಟ್ಟ 2007ರಲ್ಲಿ ತಾನು ಹುಟ್ಟಿದ ಲಂಡನ್ ಊರಿನ ಆಸ್ಪತ್ರೆಗೆ 50 ಲಕ್ಷ ಡಾಲರ್ ಕೊಟ್ಟ. ರಗ್ಬಿಯಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ ಹುಡುಗಿಯ ಹೆಸರಿನಲ್ಲಿ ಒಂಟಾರಿಯೋ ಸರ್ಕಾರ 2018ರಲ್ಲಿ ರೋವನ್ಸ್ ಲಾ ಎಂಬ ಕಾನೂನು ಮಾಡಿತು. ಅದರ ಪರವಾಗಿ ಓಡಾಡಿದವರಲ್ಲಿ ಅವನೂ ಒಬ್ಬ. ನಿಮ್ಮ ಮಗನನ್ನು ಆಟಕ್ಕೆ ಸೇರಿಸುವಾಗ ಕನ್ಕಷನ್ ಬಗ್ಗೆ ಓದಿದ್ದೇವೆ ಅಂತ ಒಪ್ಪಿಗೆ ಕೊಟ್ಟಿರುತ್ತೀರಲ್ಲ, ಅದು ಈ ಕಾನೂನಿನಿಂದ ಬಂದದ್ದು.

ಇಷ್ಟಾದರೂ ಅಂಕಿ ಅಂಶ ಏನು ಹೇಳುತ್ತೆ ಅಂತ ಕೇಳುವವರಿಗೆ: 760 ಪಂದ್ಯ, 372 ಗೋಲು, 865 ಪಾಯಿಂಟ್. ಫಿಲಡೆಲ್ಫಿಯಾದ 486 ಪಂದ್ಯ ಮಾತ್ರ ತೆಗೆದುಕೊಂಡರೆ 659 ಪಾಯಿಂಟ್, ಅಂದರೆ ಪಂದ್ಯಕ್ಕೆ 1.36ರ ಹತ್ತಿರ. ಅವನ ಬದಲಿಗೆ ಕ್ವೆಬೆಕ್‌ಗೆ ಹೋದ ಫೋರ್ಸ್‌ಬರ್ಗ್ 708 ಪಂದ್ಯದಲ್ಲಿ 885 ಪಾಯಿಂಟ್ ಮಾಡಿದ, ಪಂದ್ಯಕ್ಕೆ 1.25. ಅವನಿಗೂ ಒಂದು ಹಾರ್ಟ್ ಟ್ರೋಫಿ ಬಂತು, ಜತೆಗೆ ಎರಡು ಕಪ್. ಗಾಯದಿಂದ ಅವನ ಆಟವೂ ಬೇಗ ಮುಗಿಯಿತು. ಇಬ್ಬರಲ್ಲಿ ಯಾರನ್ನು ಆರಿಸುತ್ತೀರಿ ಅಂದರೆ ನಾನು ಒಂದು ಪಂದ್ಯಕ್ಕಾದರೆ 1996ರ ಲಿಂಡ್ರೋಸ್, ಹತ್ತು ವರ್ಷಕ್ಕಾದರೆ ಫೋರ್ಸ್‌ಬರ್ಗ್ ಅನ್ನುತ್ತೇನೆ. ಟೊರಾಂಟೋದಲ್ಲಿರುವ ಹಾಕಿ ಹಾಲ್ ಆಫ್ ಫೇಮ್‌ಗೆ ಫೋರ್ಸ್‌ಬರ್ಗ್ 2014ರಲ್ಲಿ ಸೇರಿದ. ಲಿಂಡ್ರೋಸ್ 2010ರಲ್ಲೇ ಅರ್ಹನಾದರೂ 2016ರವರೆಗೆ ಕಾಯಿಸಿದರು. ಅಷ್ಟು ಕಾಯಿಸಿದ್ದು ಆಟದ ಕಾರಣಕ್ಕಲ್ಲ, ಹಳೇ ಮುನಿಸಿನ ಕಾರಣಕ್ಕೆ ಅಂತ ನನ್ನ ನಂಬಿಕೆ. 2018ರ ಜನವರಿಯಲ್ಲಿ ಫ್ಲೈಯರ್ಸ್ ಅವನ ಗೌರವಕ್ಕೆ 88ನೇ ನಂಬರಿನ ಅಂಗಿಯನ್ನು ಕ್ರೀಡಾಂಗಣದ ಛಾವಣಿಗೆ ಏರಿಸಿತು. ಕೋಚ್ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಸಹೋದ್ಯೋಗಿಯ ಮಾತಿನಲ್ಲಿ ಜಾಸ್ತಿ ಇದೆ.

ಈ ವಾದವನ್ನು ಕಾರ್ಡಿನ ಬೆಲೆಗೆ ಗಂಟು ಹಾಕಬೇಡಿ. ಹಾಲ್ ಆಫ್ ಫೇಮ್ ಸೇರಿದ ಮೇಲೂ 440ರ ಪಾಡು ಅದೇ. ಅದೇ ವರ್ಷದ ಯಾರೋಮಿರ್ ಯಾಗರ್ ಲಿಂಡ್ರೋಸ್‌ಗಿಂತ ಸಾವಿರ ಪಾಯಿಂಟ್ ಜಾಸ್ತಿ ಮಾಡಿದವನು, ಎರಡು ಕಪ್ ಗೆದ್ದವನು. ಅವನ ಸಾಧಾರಣ ರೂಕಿ ಕಾರ್ಡುಗಳೂ ಕೆಲವೇ ಡಾಲರ್‌ಗೆ ಸಿಗುತ್ತವೆ. ಅಚ್ಚಿನ ಯಂತ್ರಕ್ಕೆ ಆಟದ ಬಗ್ಗೆ ಏನೂ ಗೊತ್ತಿಲ್ಲ.

ಇನ್ನೂರು ಡಾಲರಿನ ಪ್ರಶ್ನೆ. ಮಗನ ಮನಸ್ಸಿನಲ್ಲಿ ಸಿಡ್ನಿ ಕ್ರಾಸ್ಬಿ ಅಥವಾ ಕಾನರ್ ಮೆಕ್‌ಡೇವಿಡ್ ಇರಬಹುದು. ಇಬ್ಬರ ರೂಕಿಯೂ ಅಪ್ಪರ್ ಡೆಕ್‌ನ ಯಂಗ್ ಗನ್ಸ್ ಸರಣಿಯದು. ಕ್ರಾಸ್ಬಿಯದು 2005-06ರ 201ನೇ ನಂಬರ್, ಮೆಕ್‌ಡೇವಿಡ್‌ನದು 2015-16ರ 201. ಸರಾಸರಿ ನಾಲ್ಕು ಪ್ಯಾಕೆಟ್ಟಿಗೆ ಒಂದು ಯಂಗ್ ಗನ್ಸ್ ಕಾರ್ಡ್ ಬರುತ್ತದೆ, ಅದೂ ಯಾರದ್ದೋ. ಆ ಇಬ್ಬರ ಒಳ್ಳೇ ಸ್ಥಿತಿಯ ಕಾರ್ಡ್ ಇನ್ನೂರಕ್ಕೆ ಬರುವುದಿಲ್ಲ. ಬಂದರೆ ಅನುಮಾನ ಪಡಿ. ದುಬಾರಿ ಕಾರ್ಡುಗಳಿಗೆ ನಕಲಿ ಇವೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚು ನೋಡಿ. ಅಸಲಿಯಲ್ಲಿ ಕಪ್ಪು ಅಕ್ಷರ ಗಟ್ಟಿಯಾಗಿ, ಒಂದೇ ಬಣ್ಣದಲ್ಲಿ ಕೂತಿರುತ್ತದೆ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಬೇರೆ ಕೆಲಸ ಕೊಡುತ್ತಿದ್ದೆ. ಆಲ್ಬಮ್ಮಿನ ಒಂದು ಹಾಳೆಯಲ್ಲಿ ಒಂಬತ್ತು ಖಾನೆ ಇರುತ್ತವೆ. ಪಿವಿಸಿ ಇಲ್ಲದ ಹಾಳೆ ಕೊಡಿಸಿ. ಮಧ್ಯದ ಖಾನೆಗೆ ನಿಮ್ಮ ಚೆಂದದ 440. ಸುತ್ತಲಿನ ಎಂಟಕ್ಕೆ ಆ ಒಪ್ಪಂದದಲ್ಲೂ ಅದರ ಬೆನ್ನಿಗೂ ಕೈ ಬದಲಾದವರು: ಫೋರ್ಸ್‌ಬರ್ಗ್, ರಿಚ್ಚಿ, ಡುಶೇನ್, ಹಫ್‌ಮನ್, ಹೆಕ್ಸ್‌ಟಾಲ್, ಸೈಮನ್, ಟಿಬೋ, ರುವಾ. ಸರಿಯಾಗಿ ಎಂಟು ಜನ. ಫೋರ್ಸ್‌ಬರ್ಗ್‌ನ ರೂಕಿ 1991-92ರ ಅಪ್ಪರ್ ಡೆಕ್ 64, ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಹೆಕ್ಸ್‌ಟಾಲ್ ಕ್ವೆಬೆಕ್‌ಗೆ ಆಡಿದ್ದು ಒಂದೇ ವರ್ಷ, 1992-93. ಆ ನೀಲಿ ಬಿಳಿ ಅಂಗಿಯಲ್ಲಿ ಅವನಿರುವ ಕಾರ್ಡ್ ಹುಡುಕುವುದೇ ಒಂದು ಆಟ. ನಿಮ್ಮ ಕಡೆ ಸ್ಪೋರ್ಟ್ ಕಾರ್ಡ್ ಎಕ್ಸ್‌ಪೋ ಎಂಬ ಮೇಳ ನಡೆಯುತ್ತದಲ್ಲ, ಅಲ್ಲಿ ಅಗ್ಗದ ಕಾರ್ಡುಗಳನ್ನು ಉದ್ದ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿರುತ್ತಾರೆ. ಇಬ್ಬರೂ ಕೂತು ಹುಡುಕಿ. ರುವಾನ ರೂಕಿಗೆ ಮಾತ್ರ ಆಸೆ ಪಡಬೇಡಿ. ಅದು 1986-87ರ ಓ-ಪೀ-ಚೀ 53, ಚೆನ್ನಾಗಿರುವುದು ಸಿಕ್ಕರೆ ಇಡೀ ಇನ್ನೂರನ್ನೂ ನುಂಗಿ ಇನ್ನಷ್ಟು ಕೇಳುತ್ತದೆ. ಈ ಹಾಳೆಗೆ ಬೇಕಾದದ್ದು ಕೊಲರಾಡೋ ಅಂಗಿಯ ರುವಾ, 1996ರದ್ದು. ಅದು ಒಂದೆರಡು ಡಾಲರ್. ಒಂಬತ್ತೂ ತುಂಬಿದ ಮೇಲೆ ಮಗನ ಹತ್ತಿರ ನೂರೈವತ್ತಕ್ಕಿಂತ ಜಾಸ್ತಿಯೇ ಉಳಿದಿರುತ್ತದೆ. ಅದನ್ನು ಏನು ಮಾಡಬೇಕು ಅಂತ ಅವನೇ ಹೇಳಲಿ.